ಒಂಬತ್ತು ಕಾಲಿನ ಜೇಡ

ಅಕ್ಕಾ,

ಕಾರ್ಡಿನ ಹಿಂದಿರುವ ಮುಖ ಕಂಡು ಕಿರುಚಬೇಡ. ಕಡಲೆಕಾಳಿಗಿಂತ ಚಿಕ್ಕ ಜೇಡ ಅದು. ನಾನೇ ತೆಗೆದ ಫೋಟೋ. ಇಷ್ಟು ಹತ್ತಿರ ಹೋದರೆ ಒಂದು ಫೋಟೋದಲ್ಲಿ ಕೂದಲೆಳೆಯಷ್ಟು ಜಾಗ ಮಾತ್ರ ಸ್ಪಷ್ಟ, ಉಳಿದದ್ದೆಲ್ಲ ಮಂಜು. ಅದಕ್ಕೆ ಕ್ಯಾಮೆರಾವನ್ನು ಚೂರುಚೂರೇ ಮುಂದೆ ಸರಿಸುತ್ತ ಅರವತ್ತು ಫೋಟೋ ತೆಗೆದು, ಕಂಪ್ಯೂಟರಿನಲ್ಲಿ ಒಂದರ ಮೇಲೊಂದು ಪೇರಿಸಿ ಒಂದಾಗಿಸುತ್ತೇವೆ. ಫ್ಲ್ಯಾಶಿಗೆ ಕಾಗದದ ಲೋಟ ತೊಡಿಸಿದರೆ ಬೆಳಕು ಹಾಲಿನಂತೆ ಇಳಿಯುತ್ತದೆ. ಚಳಿಗೆ ಜೇಡ ಮರಗಟ್ಟಿ ಕೂತಿರುತ್ತದೆ, ನಾನೂ ಉಸಿರು ಹಿಡಿದು ಕೂರುತ್ತೇನೆ. ಫ್ಲ್ಯಾಶ್ ಮಿಂಚಿದಾಗಲೆಲ್ಲ ಅದರ ಮುಖದ ಕೂದಲ ಕಾಡಿನಲ್ಲಿ ಬೆಳಗಾಗಿ ಮತ್ತೆ ಕತ್ತಲಾಗುತ್ತದೆ. ಅರವತ್ತು ದಿನ ಅಲ್ಲೇ ಅಲೆದು ಬಂದಂತಾಗುತ್ತದೆ.

ನನ್ನದೊಂದು ಫೋಟೋ ಬೇಕೆಂದು ಅಮ್ಮ ಕೇಳಿದ್ದಳಲ್ಲ, ಇದರಲ್ಲೇ ಇದ್ದೇನೆ. ನಡುವಿನ ಎರಡು ದೊಡ್ಡ ಕಣ್ಣುಗಳಲ್ಲಿ ಎಡಗಡೆಯದನ್ನು ಭೂತಗನ್ನಡಿ ಹಿಡಿದು ನೋಡಿ. ಬಿಳಿ ಬೆಳಕಿನ ಕೆಳಗಿರುವ ಕಪ್ಪು ಬೊಟ್ಟು ನಾನು. ಅವಳು ಹೆಣೆದ ಮಫ್ಲರ್ ಸುತ್ತಿಕೊಂಡಿದ್ದೇನೆ ಎಂದು ಹೇಳು.

ಕಾಲು ಎಣಿಸಿದರೆ ಒಂಬತ್ತು ಸಿಗುತ್ತವೆ. ನಲವತ್ತೊಂದನೆಯ ಫೋಟೋಕ್ಕೆ ನನಗೆ ಕೆಮ್ಮು ಬಂತು, ಜೇಡ ಬೆಚ್ಚಿ ಕಾಲೊಂದನ್ನು ಎತ್ತಿಟ್ಟಿತು, ಅದೇ ಕಾಲು ಎರಡು ಕಡೆ ಮೂಡಿತು. "ಹೊಸ ಜಾತಿನೇ ಹುಟ್ಟಿಸಿಬಿಟ್ಯಲ್ಲಮ್ಮ, ಇದು ನಿಮ್ಮನೆಗೇ ಹೋಗ್ಲಿ," ಅಂದರು ಕೆಲಸ ಕಲಿಸುವ ಮೇಷ್ಟ್ರು. ಕೆಮ್ಮಿಗೆ ಮೂರು ವಾರವಾಯಿತು; ಔಷಧಿ ಕುಡಿಯುತ್ತಿದ್ದೇನೆ.

ಅಂಚೆಯವನು ಬಂದ. ಓದಿದ ಕೂಡಲೇ ಬರಹ ಒಳಗಾಗುವಂತೆ ಕಾರ್ಡನ್ನು ಗೋಡೆಗೆ ಅಂಟಿಸಿಬಿಡು. ಅಮ್ಮ ಕಣ್ಣು ನೋಡಲಿ, ಕಾಲು ಎಣಿಸಲು ಬಿಡಬೇಡ. ಎಣಿಸಿದರೆ ಯಾಕೆಂದು ಕೇಳುತ್ತಾಳೆ, ನಿನಗೆ ಸುಳ್ಳು ಹೇಳಲು ಬರುವುದಿಲ್ಲ.

ನಿನ್ನ ತಂಗಿ