ಎರಡು ನಿಮಿಷದ ಹೆಂಡತಿ

೧೪ ಜೂನ್ ೨೦೨೩, ಬುಧವಾರ, ಗಂಗಾವತಿ

ಸೋಮವಾರ ಇಂಗ್ಲಿಷ್ ಪರೀಕ್ಷೆ. ಪಾಸಾದರೆ ಪರದೇಶದ ದವಾಖಾನೆಯಲ್ಲಿ ನರ್ಸ್ ಆಗಿರುವ ಹೆಂಡತಿ ರೇಣುಕಾಳ ಹತ್ತಿರ ಹೋಗಲು ವೀಸಾ. ಫೇಲಾದರೆ ಐದನೆಯ ವರ್ಷವೂ ಫೋನಿನ ಸಂಸಾರ.

ಇವತ್ತು ಕೋಚಿಂಗಿನ ನಿಶಾತ್ ಮೇಡಂ, "ಹೆಂಡತಿ ಬಗ್ಗೆ ಎರಡು ನಿಮಿಷ ಮಾತಾಡ್ರಿ ಸರ್" ಎಂದರು. ಹೆಂಡತಿ ಹೆಸರನ್ನು ಒಡಪಿನಲ್ಲೇ, ಪ್ರಾಸ ಕಟ್ಟಿಯೇ ಹೇಳಿ ರೂಢಿ. ಬಾಯಿ ತಡೆಯಲಿಲ್ಲ.

"ಆನೆಗೊಂದಿ ದಂಡಿಗೆ ಬಾಳಿ ಸಾಲು, ನಮ್ಮ ರೇಣುಕಾನ ನಗು ಕೆನಿಹಾಲು."

"ಇದು ಮದುವಿ ಮನಿ ಅಲ್ರಿ ಸರ್, ಪರೀಕ್ಷಾ. ಇಂಗ್ಲಿಷಿನ್ಯಾಗ ಹೇಳ್ರಿ."

ಮೂರು ವಾಕ್ಯಕ್ಕೆ ನಿಂತೆ. ಕನ್ನಡ ಮಾಧ್ಯಮದ ಬಿ.ಎ. ಅಲ್ಲವೇ, ತಪ್ಪನ್ನು ಇಂಗ್ಲಿಷಿನ ತಲೆಗೆ ಕಟ್ಟಿದೆ.

"ಹೋಗ್ಲಿ, ಮೊದಲು ಕನ್ನಡದಾಗ ಹೇಳ್ರಿ, ಆಮ್ಯಾಲೆ ಇಂಗ್ಲಿಷ್ ಮಾಡೋಣು" ಎಂದು ಮೇಡಂ ಮೊಬೈಲಿನಲ್ಲಿ ಟೈಮ್ ಹಚ್ಚಿದರು.

ಆಕೆ ಈಗ ಏನು ಉಣ್ಣುತ್ತಾಳೆ, ಯಾರ ಜೊತೆ ನಗುತ್ತಾಳೆ, ನನಗೆ ಗೊತ್ತಿಲ್ಲ. ಕನ್ನಡದಲ್ಲೂ ಹನ್ನೊಂದು ಸೆಕೆಂಡಿಗೇ ಮುಗಿಯಿತು.