ಕಪ್ಪಾದ ರಶೀದಿಗಳು

ಲೆಕ್ಕ ಓದಿದ ನಮ್ಮ ಪುಟ್ಟಿಗೆ ಮಾವನ ಆಶೀರ್ವಾದ.

ತೆರಿಗೆ ಕಚೇರಿಯ ದೊಡ್ಡ ಸಾಹೇಬರೇ ಅನುಮಾನ ಬಂದರೆ ನನ್ನನ್ನು ಕೇಳುತ್ತಾರೆ. ಈ ಸಲ ಕೊನೇ ಗಳಿಗೆಯ ಒದ್ದಾಟ ಬೇಡವೆಂದು ನಮ್ಮ ಜೆರಾಕ್ಸ್ ಅಂಗಡಿಯ ಖರ್ಚಿನ ರಶೀದಿಗಳನ್ನೆಲ್ಲ ಮೊದಲೇ ಜೋಡಿಸಿ, ಅಕ್ಷರ ಮಾಸದಿರಲೆಂದು ನನ್ನ ಯಂತ್ರದಲ್ಲೇ ಲ್ಯಾಮಿನೇಷನ್ ಮಾಡಿದೆ. ಗಿರಾಕಿಗೆ ತೆರಿಗೆ ಪಾಠ ಹೇಳುತ್ತ ನೋಡಲೇ ಇಲ್ಲ. ಆ ರಶೀದಿ ಕಾಗದ ಬಿಸಿ ತಾಗಿದರೆ ಕಪ್ಪಾಗುವಂಥದ್ದಂತೆ; ಅಷ್ಟೂ ಇದ್ದಿಲಿನಂತಾಗಿದ್ದವು.

"ಏನ್ರೀ ಅದು ಕರ್ರಗೆ?" ಅಂದಳು ನಿಮ್ಮತ್ತೆ.

"ಇನ್ನೂರು ರೂಪಾಯಿ ಹೋಯ್ತು ಕಣೇ, ಅಷ್ಟೇ" ಅಂದೆ.

ಸಾಮಾನು ಕೊಟ್ಟವರು ನಕಲು ಕೊಡುವುದಿಲ್ಲವಂತೆ. ರಶೀದಿ ಇಲ್ಲದ ಖರ್ಚಿಗೂ ತೆರಿಗೆ ಕಟ್ಟಬೇಕು. ನಿಮ್ಮತ್ತೆಯ ಹಲ್ಲು ಕಟ್ಟಿಸಲು ಇಟ್ಟ ದುಡ್ಡೇ ಗತಿ. ಭಾನುವಾರ ಬಂದು ನೀನೇ ಅವಳಿಗೆ ಹೇಳು, ನಿನ್ನನ್ನು ಬೈಯುವುದಿಲ್ಲ. ಬೆಳಿಗ್ಗೆಯಿಂದ ನಾಲ್ಕು ಸಲ ಕೂಡಿದೆ. ಹೋದದ್ದು ಹದಿನೆಂಟು ಸಾವಿರದ ನಾನೂರು.

ಕೂತಲ್ಲಿ ಕೂರಲಾಗದ,
ನಿನ್ನ ಮಾವ