ತಾತನೇ ಮಾಡಿದ ನಿಯಮ

ತಾತನ ಮನೆ, ಮಹಡಿ ಕೋಣೆ
ಮಾರ್ಚ್ ೪, ಮಂಗಳವಾರ

ಪ್ರೀತಿಯ ಅಕ್ಕಾ,

ಹೇಗಿದ್ದೀಯ? ಕೆಮ್ಮು ಬಿಟ್ಟಿತಾ? ನಿನ್ನ ಹಾಸ್ಟೆಲಿನ ಕಿಟಕಿಗೆ ಇನ್ನೂ ಗಾಜು ಹಾಕಿಸಿಲ್ಲವಾದರೆ ಹೇಳು, ಮೇಲ್ವಿಚಾರಕಿಗೆ ಬಿಸಿ ಮುಟ್ಟುವ ಹಾಗೆ ಒಂದು ಮನವಿ ಬರೆದು ಕಳಿಸುತ್ತೇನೆ. ಇಲ್ಲಿ ನಾನೂ ತಾತನೂ ಕ್ಷೇಮ. ಒಂದು ದಿನವೂ ಜಗಳ ತಪ್ಪಿಲ್ಲ, ಹಾಗಾಗಿ ಇಬ್ಬರಿಗೂ ಹಸಿವು ಚೆನ್ನಾಗಿದೆ.

ನೀನು ಒಪ್ಪಿಸಿದ ಕೆಲಸ ಇನ್ನೂ ಆಗಿಲ್ಲ. ನಿನ್ನ ಮದುವೆ ರಿಜಿಸ್ಟ್ರಾರ್ ಕಚೇರಿಯಲ್ಲಿ, ಪಾದ್ರಿಯೂ ಬೇಡ ಪ್ರಾರ್ಥನೆಯೂ ಬೇಡ ಎಂದು ತಾತನಿಗೆ ಹೇಳಬೇಕಾದವಳು ನಾನು; ನಿನಗೆ ಆ ಹುರುಪು ತುಂಬಿದವಳೂ ನಾನೇ. ಪೀಠಿಕೆಗಿರಲಿ ಎಂದು ‘ಬಿಷಪರು ಯಾರಿಗೆ ಬೇಕು?’ ಎಂಬ ನಮ್ಮ ವಿಚಾರವಾದಿ ಸಂಘದ ಕರಪತ್ರವನ್ನು ತಾತನ ತಿಂಡಿ ತಟ್ಟೆಯ ಪಕ್ಕ ಇಟ್ಟೆ. ನಿವೃತ್ತರಾದರೂ ಬಿಷಪರಲ್ಲವೇ, ಸಿಡಿದೇಳುತ್ತಾರೆ ಎಂದುಕೊಂಡರೆ, ಕನ್ನಡಕ ಏರಿಸಿ ಪೆನ್ನು ಕೇಳಿದರು. “ಮೂರನೇ ಪ್ಯಾರಾ ಸಪ್ಪೆ ಕಣೇ. ಬಿಷಪ್ ಅರಮನೇಲಿ ಇರ್ತಾನೆ ಅಂತ ಬರ್ದಿದ್ದೀರಿ. ಅರಮನೇಲಿ ಎಲ್ಲಿ ಇರ್ತಾನೆ, ಸಮಿತಿ ಸಭೇಲಿ ಇರ್ತಾನೆ. ಅದನ್ನ ಹಿಡ್ಕೊಂಡು ಬೈರಿ!” ಎಂದು ಅಂಚಿನ ತುಂಬ ತಿದ್ದಿ ಕೊಟ್ಟರು. ಎರಡನೇ ಮುದ್ರಣಕ್ಕೆ ಅದನ್ನೇ ಕಳಿಸಿದೆವು. ಏನು ಮಾಡುವುದು, ನಮ್ಮದಕ್ಕಿಂತ ಹರಿತವಾಗಿತ್ತು.

ಅಲ್ಲಿಂದ ತಾತನ ಜೀವನಚರಿತ್ರೆ ಶುರು. ಆಂಗ್ಲಿಕನ್ ಸಭೆಯ ಕಿರಿಯ ಪಾದ್ರಿಯಾಗಿ ಬ್ರೇಕಿಲ್ಲದ ಸೈಕಲ್ಲಿನಲ್ಲಿ ಶವಸಂಸ್ಕಾರಕ್ಕೆ ಹೋಗಿ ಗುಂಡಿಯ ಅಂಚಿಗೆ ಬಂದು ನಿಂತದ್ದು, ಇಬ್ಬರು ದೊಡ್ಡ ಮನುಷ್ಯರು ಬಿಷಪ್ ಪದವಿಗೆ ಕಿತ್ತಾಡಿ ಕೊನೆಗೆ ಅದು ತಾತನ ತಲೆಗೆ ಬಂದದ್ದು. “ನನ್ನ ಯಾರೂ ಬೇಕು ಅನ್ಲಿಲ್ಲ, ಅವರಿಬ್ಬರನ್ನ ಬೇಡ ಅಂದ್ರು ಅಷ್ಟೇ.” ಇಂಥವರ ಮೇಲೆ ಕ್ರಾಂತಿ ಮಾಡುವುದು ಎಷ್ಟು ಕಷ್ಟ ಎಂದು ಯಾವ ಕರಪತ್ರದಲ್ಲೂ ಬರೆದಿಲ್ಲ ಅಕ್ಕಾ.

ನಡುವೆ ಒಂದು ಒಳ್ಳೆಯ ಸುದ್ದಿ. ನಿವೃತ್ತರಾದ ಪಾದ್ರಿ, ಬಿಷಪರು ಈಗಿನ ಬಿಷಪರ ಅನುಮತಿಯಿಲ್ಲದೆ ಯಾರ ಮದುವೆಯನ್ನೂ ಮಾಡಿಸುವಂತಿಲ್ಲ ಎಂದು ಇಲ್ಲೊಂದು ನಿಯಮವಿದೆ. ಹಳೆಯ ತಲೆಗಳು ಎಲ್ಲದಕ್ಕೂ ಮೂಗು ತೂರಿಸುತ್ತವೆಂದು ಅದನ್ನು ಬಿಗಿಮಾಡಿದವರು ತಾತನೇ! ಈಗಿನ ಬಿಷಪರೋ, ಹಿಂದೆ ತಾತನ ಕೈಕೆಳಗಿದ್ದ ‘ಉದ್ದಪ್ರಸಂಗಿ’. ಅವರು ಗಂಟೆಗಟ್ಟಲೆ ಉಪದೇಶದ ಪ್ರಸಂಗ ಮಾಡುವಾಗ ತಾತ ತುಂಬಿದ ಚರ್ಚಿನಲ್ಲಿ ಕೈಗಡಿಯಾರ ಬಿಚ್ಚಿ ಎತ್ತಿ ತೋರಿಸಿದ್ದರಂತೆ. “ಅವನ ಮುಂದೆ ಕೈಯೊಡ್ಡೋದಾ? ಸತ್ರೂ ಇಲ್ಲ” ಎಂದರು. ನಮ್ಮ ದಾರಿ ಸಲೀಸಾಯಿತೆಂದು ನಾನು ಕುಣಿದುಬಿಟ್ಟೆ. ನಾಳೆ ಹೇಳೇಬಿಡುತ್ತೇನೆ, ಕನ್ನಡಿಯ ಮುಂದೆ ಭಾಷಣ ಬಾಯಿಪಾಠ ಆಗಿದೆ.

ತಾತ ನಿನಗೆ ಆಶೀರ್ವಾದ ತಿಳಿಸಿದ್ದಾರೆ. ಆಶೀರ್ವಾದಗಳ ಬಗ್ಗೆ ನನ್ನ ನಿಲುವು ನಿನಗೆ ಗೊತ್ತು, ಆದರೂ ಇಟ್ಟುಕೋ. ಭಾವನಾಗುವವರಿಗೆ ನನ್ನ ನಮಸ್ಕಾರ.

ನಿನ್ನ ತಂಗಿ

ತಾ.ಕ.: ಲಕೋಟೆ ಅಂಟಿಸುವಷ್ಟರಲ್ಲಿ ತಾತ ಹೊರಗಿನಿಂದ ಬಂದರು. ಎಲ್ಲಿಗೆ ಹೋಗಿದ್ದರು ಗೊತ್ತಾ? ಬಿಷಪರ ಕಚೇರಿಗೆ! ಉದ್ದಪ್ರಸಂಗಿ ಹೊರಗಿನ ಬೆಂಚಿನ ಮೇಲೆ ಬೆಳಿಗ್ಗೆಯೆಲ್ಲ ಕೂರಿಸಿ, ಮದುವೆ ತಾತ ಮಾಡಿಸಲಿ, ಪ್ರಸಂಗ ಮಾತ್ರ ತನ್ನದು ಎಂದು ಒಪ್ಪಿದರಂತೆ. “ಮೊಮ್ಮಗಳ ಮದ್ವೆ ಅಲ್ವೇನೇ, ತಲೆ ತಗ್ಗಿಸಿ ಕೇಳ್ದೆ” ಎಂದು ಹೇಳಿ, ಬಿಷಪರಾಗಿದ್ದಾಗಿನ ನೇರಳೆ ನಿಲುವಂಗಿಯನ್ನು ಬಿಸಿಲಿಗೆ ಹಾಕುತ್ತಿದ್ದಾರೆ. ಭಾಷಣ ಬದಿಗಿಟ್ಟು ನಾನೇ ಕ್ಲಿಪ್ಪು ಹುಡುಕಿಕೊಟ್ಟೆ. ಅಕ್ಕಾ, ಮದುವೆಯ ದಿನ ಬೆಳಿಗ್ಗೆ ರಿಜಿಸ್ಟ್ರಾರ್ ಕಚೇರಿಗೆ ಹೋಗಿ ಸಹಿ ಹಾಕಿ, ಮಧ್ಯಾಹ್ನ ಚರ್ಚಿಗೆ ಬನ್ನಿ. ತಾತನಿಗೆ ಬೆಳಗಿನದು ಗೊತ್ತಾಗಬಾರದು, ನಮ್ಮ ಸಂಘದವರಿಗೆ ಮಧ್ಯಾಹ್ನದ್ದು.